ಮೈಗೆ ಹತ್ತದ ಗುಳಿಗೆ

ನಮ್ಮ ಮನೆಯಲ್ಲಿ ಒಂದೇ ಪಾತ್ರೆಯಲ್ಲಿ ಕುದಿದ ಚಹಾ ಎರಡು ಥರ ಕೆಲಸ ಮಾಡುತ್ತದೆ. ಸಂಜೆ ಆರಕ್ಕೆ ಅರ್ಧ ಕಪ್ಪು ಕುಡಿದರೆ ಸಾಕು, ನಮ್ಮ ಯಜಮಾನರಿಗೆ ನಿದ್ದೆ ಬರುವುದಿಲ್ಲ. ನಾನು ಊಟವಾದ ಮೇಲೆ ಲೋಟ ತುಂಬ ಕುಡಿದು, ಲೋಟ ತೊಳೆಯುವ ಮೊದಲೇ ಆಕಳಿಸುತ್ತೇನೆ. ಮದುವೆಯಾದಾಗಿನಿಂದ ಈ ವಿಷಯಕ್ಕೆ ಅವರನ್ನು ಗೇಲಿ ಮಾಡುತ್ತ ಬಂದವಳು ನಾನು. "ಚಹಾದ ಮ್ಯಾಲ ಯಾಕ ಹಾಕ್ತೀರಿ, ನಿಮ್ಮ ಮನಸ್ಸಿನ್ಯಾಗ ಏನೋ ಐತಿ" ಎಂದು ಎಷ್ಟು ಸಲ ಅಂದಿದ್ದೇನೋ. ಅವರು ವಾದ ಮಾಡುವ ಪೈಕಿ ಅಲ್ಲ. "ನನಗ ಆಗಂಗಿಲ್ಲ, ಬಿಡು" ಎಂದು ಸುಮ್ಮನಾಗುತ್ತಿದ್ದರು. ಈಗ ಆ ಗೇಲಿ ಬಿಟ್ಟಿದ್ದೇನೆ. ಬಿಟ್ಟ ಕಾರಣವನ್ನು ಅವರಿಗೂ ಪೂರ್ತಿ ಹೇಳಿಲ್ಲ.

ನಾನು ಮೂವತ್ತೆರಡು ವರ್ಷ ಸರಕಾರಿ ಆರೋಗ್ಯ ಸಹಾಯಕಿಯಾಗಿದ್ದವಳು. ಹುಟ್ಟಿದ್ದು ಹಳೇ ಬಾಗಲಕೋಟೆಯಲ್ಲಿ. ಆ ಮನೆ ಹಿನ್ನೀರಿನೊಳಗೆ ಹೋದ ಮೇಲೆ ತವರಿನವರು ನವನಗರಕ್ಕೆ ಬಂದರು, ನಿವೃತ್ತಿಯಾದ ಮೇಲೆ ನಾವೂ ಇಲ್ಲಿಗೇ ಬಂದೆವು. ನೌಕರಿಯ ಕೊನೆಯ ಹನ್ನೆರಡು ವರ್ಷ ಕಳೆದದ್ದು ಬಾದಾಮಿ ತಾಲೂಕಿನ ಒಂದು ಹಳ್ಳಿಯಲ್ಲಿ. ಊರಿನ ಹೆಸರು ಬೇಡ. ಆ ಊರಿನದೇನೂ ತಪ್ಪಿಲ್ಲ. ನಮ್ಮ ಬಾಡಿಗೆ ಮನೆ ಬಾದಾಮಿಯಲ್ಲಿತ್ತು. ಅಲ್ಲಿಂದ ಬಸ್ಸಿನಲ್ಲಿ ಕುಳಗೇರಿ ಕ್ರಾಸು, ಕ್ರಾಸಿನಿಂದ ಟಂಟಂ ಆಟೊ, ಅದು ಸಿಗದಿದ್ದರೆ ಕಾಲ್ನಡಿಗೆ. ನನ್ನ ಬಾಯಿ ಜೋರು. ನಾನು ಓಣಿ ಹೊಕ್ಕರೆ ಸಾಕು, "ಅಕ್ಕಾರು ಬಂದ್ರು" ಎಂದು ಹೆಣ್ಣುಮಕ್ಕಳು ಹಳೆಯ ನೀರಿನ ಡ್ರಮ್ಮು ಬೋರಲು ಹಾಕುತ್ತಿದ್ದರು. ಹುಳ ಆಡುವ ನೀರು ಕಂಡರೆ ನಾನು ಏನು ಅನ್ನುತ್ತೇನೆಂದು ಅವರಿಗೆಲ್ಲ ಗೊತ್ತಿತ್ತು. ಅವರಿಗೆ ನನ್ನ ಅಂಜಿಕೆ ಇದೆ ಎಂಬುದು ನನಗೆ ಹೆಮ್ಮೆಯ ವಿಷಯವಾಗಿತ್ತು. ಇವತ್ತು ಅದನ್ನು ಬರೆಯುವುದಕ್ಕೆ ನಾಚಿಕೆಯಾಗುತ್ತದೆ.

ಆ ಊರಿನಲ್ಲಿ ಮಲೇರಿಯಾ ಹೆಚ್ಚುಕಡಿಮೆ ಇಲ್ಲವಾಗಿತ್ತು. ಎರಡು ವರ್ಷದಿಂದ ಒಬ್ಬರ ರಕ್ತದಲ್ಲೂ ಕಂಡಿರಲಿಲ್ಲ. ತಾಲೂಕಿನ ಸಭೆಯೊಂದರಲ್ಲಿ ಸಾಹೇಬರು ನನ್ನನ್ನು ಎಬ್ಬಿಸಿ ನಿಲ್ಲಿಸಿ ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ಮನೆಗೆ ಬಂದು ಯಜಮಾನರಿಗೆ ಎರಡು ಸಲ ಹೇಳಿದೆ, ಮೂರನೆಯ ಸಲ ಬಾದಾಮಿಯ ತರಕಾರಿಯವಳಿಗೂ ಹೇಳಿದೆ.

ಆ ಚಪ್ಪಾಳೆಯಾಗಿ ಒಂದು ತಿಂಗಳೂ ಆಗಿರಲಿಲ್ಲ, ಆ ಮನುಷ್ಯನಿಗೆ ಜ್ವರ ಬಂತು.

ಆತ ಕುರಿ ಸಾಕುವ ಮನೆಯವನು. ಮೂವತ್ತರ ಆಸುಪಾಸಿನ ವಯಸ್ಸು, ಮಾತು ಕಡಿಮೆ. ಒಂದು ಮಳೆಗಾಲ ಮಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿ, ಸಮುದ್ರದ ಗಾಳಿ ಒಗ್ಗದೆ ಮರಳಿ ಬಂದಿದ್ದ. ಮನೆಯಲ್ಲಿ ಹೆಂಡತಿ, ಒಂದು ಕೂಸು, ತಾಯಿ. ಊರಿನ ಬೀರಪ್ಪನ ಗುಡಿಯಲ್ಲಿ ಭಂಡಾರ ಕೊಡುವ ಪಾಳಿ ಅವರ ಮನೆತನದ್ದು. ಭಂಡಾರ ಎಂದರೆ ದೇವರ ಮುಂದಿಟ್ಟ ಅರಿಶಿನದ ಪುಡಿ. ಅಮಾವಾಸ್ಯೆಗೊಮ್ಮೆ ಜನ ಸಾಲಾಗಿ ಬರುತ್ತಾರೆ. ಭಂಡಾರ ಕೊಡುವವನು ಹಣೆಗೆ ಒತ್ತಿ, ಒಂದು ಚಿಟಿಕೆ ಬಾಯಿಗೆ ಹಾಕುತ್ತಾನೆ. ತಂದೆ ತೀರಿದ ಮೇಲೆ ಆ ಕೆಲಸ ಇವನಿಗೆ ಬಂದಿತ್ತು. ಗುಡಿಯೊಳಗೆ ಆ ತಾಟು ಹಿಡಿದು ನಿಂತಾಗ ಆತ ಬೇರೆಯೇ ಮನುಷ್ಯನಾಗಿ ಕಾಣುತ್ತಿದ್ದ. ನಡು ನೆಟ್ಟಗಾಗುತ್ತಿತ್ತು, ಮುದುಕರಿಗೂ "ಮುಂದ ಬಾ" ಎಂದು ಏಕವಚನದಲ್ಲಿ ಅನ್ನುತ್ತಿದ್ದ, ಅವರೂ ಕೈಮುಗಿದು ಮುಂದೆ ಬರುತ್ತಿದ್ದರು.

ರಕ್ತ ತೆಗೆದೆ. ಮಲೇರಿಯಾ ಬಂತು, ಮಂಗಳೂರಿನಿಂದ ತಂದದ್ದಿರಬೇಕು, ಅದೂ ಮರುಕಳಿಸುವ ಜಾತಿಯದು. ಈ ಜಾತಿಗೆ ಎರಡು ಥರದ ಗುಳಿಗೆ ಬೇಕು. ಮೊದಲ ಮೂರು ದಿನದ ಗುಳಿಗೆ ರಕ್ತದಲ್ಲಿರುವ ರೋಗಾಣು ಕೊಂದು ಜ್ವರ ಇಳಿಸುತ್ತದೆ. ಆದರೆ ಒಂದಷ್ಟು ಲಿವರಿನಲ್ಲಿ ಅಡಗಿ ಕುಳಿತಿರುತ್ತವೆ, ತಿಂಗಳುಗಟ್ಟಲೆ ಸುಮ್ಮನಿದ್ದು ಮತ್ತೆ ಏಳುತ್ತವೆ. ಅವನ್ನು ಕೊಲ್ಲಲು ಹದಿನಾಲ್ಕು ದಿನ ಬೇರೆ ಗುಳಿಗೆ ನುಂಗಬೇಕು. ಜನ ಜ್ವರ ಇಳಿದ ಕೂಡಲೇ ಆ ಹದಿನಾಲ್ಕು ದಿನದ್ದನ್ನು ಬಿಟ್ಟುಬಿಡುತ್ತಾರೆ. ಕೆಲವರು ತಿಪ್ಪೆಗೆ ಎಸೆಯುತ್ತಾರೆ. ಒಬ್ಬ ಮಹಾರಾಯ ಎಮ್ಮೆಯ ಹಿಂಡಿಯಲ್ಲಿ ಕಲಸಿದ್ದನ್ನು ನಾನೇ ನೋಡಿದ್ದೆ. ಹೀಗಾಗಿ ಗುಳಿಗೆ ನುಂಗಿದೆ ಅನ್ನುವವರ ಮಾತು ನಾನು ಸುಲಭಕ್ಕೆ ನಂಬುತ್ತಿರಲಿಲ್ಲ.

ಇವನಿಗೆ ಗುಳಿಗೆ ಕೊಟ್ಟು, "ಮೂತ್ರ ಕಪ್ಪಾದ್ರ ಗುಳಿಗಿ ನಿಲ್ಲಿಸಿ ನನ್ನ ಕಡೆ ಓಡಿ ಬಾ" ಎಂದೂ ಹೇಳಿದೆ. ಕೆಲವರ ರಕ್ತಕ್ಕೆ ಈ ಗುಳಿಗೆ ಆಗಿಬರುವುದಿಲ್ಲ ಎಂದು ನಮಗೆ ಕಲಿಸಿದ್ದರು. ಅಂದರೆ ಒಂದೇ ಗುಳಿಗೆ ಎಲ್ಲರ ಮೈಯಲ್ಲೂ ಒಂದೇ ಥರ ಇರುವುದಿಲ್ಲ ಎಂಬುದು ಆಗಲೂ ನನಗೆ ಗೊತ್ತಿತ್ತು. ಗೊತ್ತಿದ್ದೂ ಅದರ ಮುಂದೆ ಒಂದು ಹೆಜ್ಜೆ ಯೋಚಿಸಲಿಲ್ಲ. ಕೆಲವರಿಗೆ ಅದು ಕೆಡುಕು ಮಾಡುವುದಾದರೆ, ಕೆಲವರಲ್ಲಿ ಏನೂ ಮಾಡದೆಯೂ ಹೋಗಬಹುದಲ್ಲ ಎಂದು ಹೊಳೆಯಲಿಲ್ಲ.

ಹದಿನೈದನೆಯ ದಿನ ಆತ ಖಾಲಿ ಸ್ಟ್ರಿಪ್ಪುಗಳನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ನಮ್ಮ ಆರೋಗ್ಯ ಉಪಕೇಂದ್ರಕ್ಕೆ ತಂದ. ಯಾರೂ ಹಾಗೆ ತರುವುದಿಲ್ಲ. ನಾನು ಕೇಳಿಯೂ ಇರಲಿಲ್ಲ. "ಎಲ್ಲಾ ಮುಗಿಸೇನ್ರಿ ಅಕ್ಕಾರ" ಎಂದು ಮೇಜಿನ ಮೇಲಿಟ್ಟ. "ಶಾಣ್ಯಾ" ಎಂದೆ.

ಎರಡೂವರೆ ತಿಂಗಳು ಕಳೆಯಿತು. ಅಮಾವಾಸ್ಯೆಯ ದಿನ ಬೆಳಿಗ್ಗೆ ಊರಿಗೆ ಹೋದಾಗ ಆತನಿಗೆ ಮತ್ತೆ ಥಂಡಿ ಜ್ವರ ಅಂತ ಸುದ್ದಿ. ಗುಡಿಯ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕುಳಿತಿದ್ದ. ಪಾಳಿ ಬಿಡಬಾರದೆಂದು ಆ ಜ್ವರದಲ್ಲೂ ಬಂದಿದ್ದನಂತೆ. ಅಲ್ಲೇ ಬೆರಳು ಚುಚ್ಚಿ ಪರೀಕ್ಷೆಯ ಕಿಟ್ಟಿನ ಮೇಲೆ ರಕ್ತ ಹಾಕಿದೆ. ಹತ್ತಿಪ್ಪತ್ತು ಜನ ಸುತ್ತ ನಿಂತಿದ್ದರು. ಹದಿನೈದು ನಿಮಿಷಕ್ಕೆ ಮಲೇರಿಯಾದ ಗೆರೆ ಮೂಡಿತು. ಆ ಗೆರೆ ನೋಡಿದಾಗ ನನಗೆ ನೆನಪಾದದ್ದು ಮುಂದಿನ ವಾರದ ತಾಲೂಕು ಸಭೆ. ಎದುರಿಗೆ ಒಬ್ಬ ಮನುಷ್ಯ ಹಲ್ಲು ಕಟಕಟಿಸುತ್ತ ನಡುಗುತ್ತಿದ್ದ. ನನಗೆ ನೆನಪಾದದ್ದು ಸಭೆ.

"ನುಂಗಿಲ್ಲ ನೀ" ಎಂದೆ.

"ನುಂಗೇನ್ರಿ."

"ನುಂಗಿದ್ರ ಇದು ಎಲ್ಲಿಂದ ಬಂತು? ಬರೇ ಖಾಲಿ ಪಾಕೀಟ ತಂದು ಕೊಟ್ಟಿ. ಗುಳಿಗಿ ಯಾವ ತಿಪ್ಯಾಗ ಹಾಕಿದಿ ಹೇಳು."

ಆತ ಎದ್ದ. ಕಂಬಳಿ ಎಳೆದುಕೊಂಡು ಗುಡಿಯೊಳಗೆ ಹೋದ, ಮುಷ್ಟಿ ತುಂಬ ಭಂಡಾರ ಹಿಡಿದುಕೊಂಡು ಬಂದು ನನ್ನ ಮುಂದೆ ನಿಂತ. ಆ ಮಂದಿಯಲ್ಲಿ ಭಂಡಾರ ಎತ್ತಿ ಆಣೆ ಮಾಡುವುದೆಂದರೆ ಕೋರ್ಟಿನ ಮಾತಿಗಿಂತ ದೊಡ್ಡದು. ಎತ್ತಿದ ಮೇಲೆ ಆ ವಿಷಯಕ್ಕೆ ಮತ್ತೆ ಯಾರೂ ಬಾಯಿ ತೆರೆಯುವುದಿಲ್ಲ. ಹೊಲದ ಬದುವಿನ ಜಗಳ ಹೀಗೆ ಮುಗಿದದ್ದನ್ನು ನಾನೂ ನೋಡಿದ್ದೆ.

"ಬೀರಪ್ಪನ ಭಂಡಾರ ಎತ್ತಿ ಹೇಳ್ತೇನಿ. ಹದ್ನಾಕು ದಿನಾನೂ ಊಟ ಆದಮ್ಯಾಗ ನುಂಗೇನಿ. ಒಂದೂ ತಪ್ಪಿಸಿಲ್ಲ."

ಥಂಡಿಗೆ ಕೈ ನಡುಗಿ ಭಂಡಾರ ನನ್ನ ಸೀರೆಯ ಮೇಲೆ ಉದುರಿತು. ಅಲ್ಲಿಗೆ ನಾನು ಸುಮ್ಮನಾಗಬೇಕಿತ್ತು. ಊರಿನವರೆಲ್ಲ ಸುಮ್ಮನಾಗಿದ್ದರು. ನಾನು ಸೀರೆ ಕೊಡವಿಕೊಳ್ಳುತ್ತ ಅಂದೆ: "ಆಣಿ ಮಾಡಿದ್ರ ಜ್ವರ ಹೋಗಂಗಿಲ್ಲೋ ತಮ್ಮಾ. ಮನಷ್ಯಾ ಸುಳ್ಳ ಹೇಳ್ತಾನ, ಜ್ವರ ಸುಳ್ಳ ಹೇಳಂಗಿಲ್ಲ."

ಆತನ ತಾಯಿ ಗುಡಿಯ ಬಾಗಿಲಲ್ಲಿ ನಿಂತಿದ್ದಳು. ತೆಳ್ಳನೆಯ ಹೆಂಗಸು, ಮಾಸಿದ ಇಳಕಲ್ ಸೀರೆ. ಮುಂದೆ ಬಂದು ನನ್ನ ಕೈ ಹಿಡಿದಳು.

"ಅಂವ ಸುಳ್ಳ ಹೇಳಾಂವಲ್ರೀ ಅಕ್ಕಾರ. ನಾನ ನೀರು ಕೊಟ್ಟೇನ್ರಿ. ಅವನ ಮೈಗೆ ಗುಳಿಗಿ ಹತ್ತಂಗಿಲ್ರಿ. ಹೋದ ವರ್ಸ ಕೈ ಮುರದಾಗ ದವಾಖಾನ್ಯಾಗ ನೋವಿನ ಗುಳಿಗಿ ಕೊಟ್ರು. ಬಾಜೂ ಕಾಟಿನಾಂವ ಅದನ್ನ ನುಂಗಿ ಗಡದ್ದ ಮಲಗಿದ. ನನ್ನ ಮಗಗ ಏನೂ ಆಗ್ಲಿಲ್ರಿ, ಒದ್ದಾಡಿದ. ಇವನ ಮೈನ ಹಂಗ್ರಿ."

ಆ ಮುದುಕಿ ಅಂದು ಹೇಳಿದ್ದು ಅಕ್ಷರಶಃ ನಿಜ. ಓದು ಬರಹ ಬಾರದ ಆಕೆ, ಮಗನ ಮೈಯನ್ನು ಮೂವತ್ತು ವರ್ಷ ನೋಡಿ ತಿಳಿದುಕೊಂಡದ್ದನ್ನು ನನಗೆ ಕೈ ಹಿಡಿದು ಹೇಳಿದಳು. ನಾನು ನಕ್ಕೆ.

"ಮೈಗೆ ಹತ್ತಾಕ ಅದೇನ ಹೋಳಿಗಿ ತುಪ್ಪ ಏನವ್ವಾ?"

ನಿಂತವರಲ್ಲಿ ನಾಲ್ಕು ಜನ ನಕ್ಕರು. ಮುದುಕಿ ನನ್ನ ಕೈ ಬಿಟ್ಟಳು. ನಮ್ಮ ಕಡೆ ಉಂಡದ್ದು ಮೈಗೆ ಹತ್ತಿತು ಎನ್ನುತ್ತೇವೆ, ಬಾಣಂತನ ಮೈಗೆ ಹತ್ತಿತು ಎನ್ನುತ್ತೇವೆ. ಔಷಧಕ್ಕೆ ಆ ಮಾತು ಬಳಸಿದ್ದು ನನಗೆ ತಮಾಷೆಯಾಗಿ ಕಂಡಿತ್ತು, ಅಷ್ಟೇ.

ಪ್ರತಿ ರೋಗಿಗೂ ಒಂದು ಫಾರ್ಮು ತುಂಬಬೇಕು. ಅದರಲ್ಲಿ ಹದಿನಾಲ್ಕು ದಿನದ ಚಿಕಿತ್ಸೆ ಪೂರ್ಣಗೊಂಡಿದೆಯೇ ಎಂಬ ಕಾಲಮ್ಮಿತ್ತು. ನಾನು "ಇಲ್ಲ" ಎಂದು ಬರೆದೆ. ಕಾರಣ ಎಂಬಲ್ಲಿ "ರೋಗಿಯ ನಿರ್ಲಕ್ಷ್ಯ" ಎಂದು ಬರೆದೆ. ಅಕ್ಷರ ದುಂಡಗೆ ಬಂದಿದ್ದವು.

ಎರಡನೆಯ ಸಲದ ಹದಿನಾಲ್ಕು ದಿನದ ಗುಳಿಗೆಯನ್ನು ಅವನ ಕೈಗೆ ಕೊಡಲಿಲ್ಲ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಉಪಕೇಂದ್ರಕ್ಕೆ ಬರಬೇಕು, ನನ್ನ ಕಣ್ಣೆದುರು ನುಂಗಬೇಕು ಎಂದೆ. ರವಿವಾರ ರಜೆ ಇದ್ದರೂ ನಾನು ಬಾದಾಮಿಯಿಂದ ಬಂದೆ. ನನ್ನ ಕರ್ತವ್ಯನಿಷ್ಠೆಯನ್ನು ನಾನೇ ಮೆಚ್ಚಿಕೊಂಡಿದ್ದೆ. ಆತ ಕುರಿಗಳನ್ನು ಹೆಂಡತಿಗೆ ಒಪ್ಪಿಸಿ ಬರುತ್ತಿದ್ದ. ಗುಳಿಗೆ ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತಿದ್ದ.

"ಬಾಯಿ ತಗಿ" ಎನ್ನುತ್ತಿದ್ದೆ. ತೆರೆಯುತ್ತಿದ್ದ.

"ನಾಲಿಗಿ ಎತ್ತು." ಎತ್ತುತ್ತಿದ್ದ. ಟಾರ್ಚು ಬಿಟ್ಟು ನೋಡುತ್ತಿದ್ದೆ.

ಆಮೇಲೆ ವಾಂತಿ ಮಾಡಿಕೊಳ್ಳಬಾರದೆಂದು ಅರ್ಧ ಗಂಟೆ ಬೆಂಚಿನ ಮೇಲೆ ಕೂರಿಸುತ್ತಿದ್ದೆ. ಲಸಿಕೆಗೆ ಬಂದ ತಾಯಂದಿರು ನೋಡುತ್ತಿದ್ದರು. ಊರಿಗೆಲ್ಲ ಭಂಡಾರ ಬಾಯಿಗೆ ಹಾಕುವವನ ಬಾಯನ್ನು ಅಕ್ಕಾರು ಟಾರ್ಚು ಬಿಟ್ಟು ನೋಡುತ್ತಾರೆ ಎಂದು ಆಡಿಕೊಂಡರಂತೆ. ನನ್ನ ಕಿವಿಗೂ ಬಿತ್ತು. ಬಿದ್ದರೂ ಟಾರ್ಚು ಹಾಕುವುದನ್ನು ನಿಲ್ಲಿಸಲಿಲ್ಲ.

ಹದಿನಾಲ್ಕನೆಯ ದಿನ ಆತ ನಾಲಿಗೆ ಇಳಿಸಿ, ಬಾಯಿ ಒರೆಸಿಕೊಂಡು, "ನನ್ನ ಬಾಯಿ ನಿಮಗ ಪೂರಾ ಗೊತ್ತಾತು ಬಿಡ್ರಿ" ಎಂದ. ಸಿಟ್ಟಿನಿಂದ ಅನ್ನಲಿಲ್ಲ. ನಾನು ರಿಜಿಸ್ಟರಿನಲ್ಲಿ ಹದಿನಾಲ್ಕನೆಯ ಸರಿ ಗುರುತು ಹಾಕುತ್ತಿದ್ದೆ, ತಲೆ ಎತ್ತಲಿಲ್ಲ.

ಮೂರು ತಿಂಗಳಿಗೆ ಮತ್ತೆ ಜ್ವರ ಬಂತು. ಅದೇ ಥಂಡಿ, ಅದೇ ಗೆರೆ. ಈ ನಡುವೆ ಆತ ಊರು ಬಿಟ್ಟು ಕದಲಿರಲಿಲ್ಲ, ಊರಿನಲ್ಲಿ ಇನ್ನೊಬ್ಬರಿಗೆ ಮಲೇರಿಯಾ ಇರಲಿಲ್ಲ.

ಈ ಬರಹ ಬರೆಯಲು ಕುಳಿತದ್ದೇ ಈ ಮಾತು ಹೇಳುವುದಕ್ಕೆ. ಉಳಿದದ್ದಕ್ಕೆಲ್ಲ ನನಗೆ ಗೊತ್ತಿರಲಿಲ್ಲ ಎಂಬ ನೆಪವಿದೆ, ಇದಕ್ಕಿಲ್ಲ. ಈ ಸಲ ಹದಿನಾಲ್ಕು ಗುಳಿಗೆ ಅವನ ಗಂಟಲಿನಲ್ಲಿ ಇಳಿದದ್ದನ್ನು ನನ್ನ ಕಣ್ಣು ನೋಡಿತ್ತು. ನುಂಗಿದರೂ ಜ್ವರ ಬರುತ್ತದೆ ಎಂದಾದರೆ ಮೊದಲ ಸಲವೂ ಆತ ನುಂಗಿರಬಹುದು, ಆಣೆ ನಿಜವಿರಬಹುದು. ಅದು ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಟಂಟಂನಲ್ಲಿ ಕುಳಿತು ಕ್ರಾಸಿಗೆ ಹೋಗುವಾಗಲೇ ಹೊಳೆಯಿತು. ಆದರೆ ಒಪ್ಪಿಕೊಂಡರೆ ನಾನು ಬರೆದ "ಇಲ್ಲ" ತಪ್ಪಾಗುತ್ತಿತ್ತು, ಕಟ್ಟೆಯ ಮೇಲೆ ಆಡಿದ ಮಾತು ತಪ್ಪಾಗುತ್ತಿತ್ತು. ಹೊಸ ಫಾರ್ಮಿನಲ್ಲಿ "ಹೊಸ ಸೋಂಕು" ಎಂದು ಬರೆದು ಕೈ ತೊಳೆದುಕೊಂಡೆ. ಯಾವುದೋ ಸೊಳ್ಳೆಯ ತಲೆಗೆ ಕಟ್ಟಿದೆ.

ಊರಿನವರು ಯಾವ ಫಾರ್ಮೂ ಓದಲಿಲ್ಲ. ಅವರ ಬಳಿ ನನ್ನ ಮಾತಿತ್ತು. ಭಂಡಾರ ಎತ್ತಿ ಸುಳ್ಳು ಹೇಳಿದ, ಅದಕ್ಕೇ ಬೀರಪ್ಪ ಜ್ವರ ಬಿಡಿಸುತ್ತಿಲ್ಲ ಎಂದರು. "ಜ್ವರ ಸುಳ್ಳ ಹೇಳಂಗಿಲ್ಲ" ಎಂಬ ನನ್ನ ಮಾತು ಹೊಟೇಲಿನ ಬೆಂಚಿನವರೆಗೂ ಹೋಗಿ, ಬೇರೆಯವರ ಬಾಯಲ್ಲಿ ನನಗೇ ಕೇಳಿಸಿತು.

ಅದಾದ ಮೇಲಿನ ಅಮಾವಾಸ್ಯೆಗೆ ನಾನು ಗುಡಿಯ ಹತ್ತಿರದ ಮನೆಯಲ್ಲಿ ಬಾಣಂತಿಯ ತಪಾಸಣೆಗೆ ಹೋಗಿದ್ದೆ. ಬಾಗಿಲಿನಿಂದ ಸಾಲು ಕಾಣುತ್ತಿತ್ತು. ಆತ ತಾಟು ಹಿಡಿದು ನಿಂತಿದ್ದ. ಒಬ್ಬ ಹಿರಿಯ ಹೆಂಗಸು ಅವನೆದುರು ಬಂದು, ಸೆರಗನ್ನು ಹಣೆ ಮುಚ್ಚುವಂತೆ ಎಳೆದುಕೊಂಡು, ದೇವರಿಗೆ ಮಾತ್ರ ಕೈಮುಗಿದು ಮುಂದೆ ಹೋದಳು. ಅವಳ ಹಿಂದಿನವನೂ ಹಾಗೇ ಹೋದ. ಆತ ಸ್ವಲ್ಪ ಹೊತ್ತು ಎತ್ತಿದ ಬೆರಳು ಹಾಗೇ ಹಿಡಿದುಕೊಂಡಿದ್ದ. ಆಮೇಲೆ ತಾಟನ್ನು ದೇವರ ಮುಂದಿಟ್ಟು, ಕಾಕಾನ ಮಗನನ್ನು ಕರೆದು ನಿಲ್ಲಿಸಿ, ಚಪ್ಪಲಿ ಹಾಕಿಕೊಂಡು ಮನೆ ಕಡೆ ನಡೆದ.

ಗುಡಿ ನಾನಿದ್ದಲ್ಲಿಂದ ಇಪ್ಪತ್ತು ಹೆಜ್ಜೆ. ಹೋಗಿ ಒಂದು ಮಾತು ಹೇಳಬಹುದಿತ್ತು: ನಾನೇ ನೋಡಿದ್ದೇನೆ, ಆತ ನುಂಗಿದ್ದಾನೆ. ಆ ಕಟ್ಟೆಯ ಮೇಲೆ ಜೋರಾಗಿದ್ದ ಬಾಯಿ ಅವತ್ತು ಏಳಲಿಲ್ಲ. ಬಾಣಂತಿಯ ಬಿ.ಪಿ. ನೋಡಿ ಬರೆದುಕೊಂಡು, ಚಹಾ ಕುಡಿದು ಎದ್ದೆ.

ಆತನನ್ನು ಬಾಗಲಕೋಟೆಯ ದೊಡ್ಡ ದವಾಖಾನೆಗೆ ಬರೆದು ಕಳಿಸಿದೆವು. ಮತ್ತೆ ಎರಡು ಸಲ ಜ್ವರ ಬಂದು, ಕೊನೆಗೆ ಬರುವುದು ನಿಂತಿತು. ಆತ ಮಾತ್ರ ಭಂಡಾರದ ತಾಟು ಮುಟ್ಟಲಿಲ್ಲ.

ನಾಲ್ಕು ವರ್ಷವಾದ ಮೇಲೆ, ನನ್ನ ನಿವೃತ್ತಿಗೆ ಕೆಲವೇ ತಿಂಗಳಿದ್ದಾಗ, ನವನಗರದಲ್ಲಿ ಒಂದು ದಿನದ ತರಬೇತಿ ಇತ್ತು. ನಮ್ಮ ವಯಸ್ಸಿನವರೆಲ್ಲ ಹಿಂದಿನ ಸಾಲಿನಲ್ಲಿ ಕುಳಿತು ಊಟಕ್ಕೆ ಏನು ಮಾಡಿಸಿದ್ದಾರೆಂದು ವಿಚಾರಿಸುತ್ತಿದ್ದೆವು. ಪಾಠ ಮಾಡಲು ಬಂದವಳು ಒಬ್ಬ ಎಳೆಯ ಡಾಕ್ಟರು. ಇಳಕಲ್ಲಿನ ಮುಸ್ಲಿಂ ಮನೆತನದವಳು, ಮನೆಯಲ್ಲಿ ಮಗ್ಗ ಇದ್ದವಂತೆ, ಮಾತು ನಮ್ಮದೇ. ಇಂಗ್ಲಿಷ್ ಚಿತ್ರಗಳನ್ನು ಗೋಡೆಯ ಮೇಲೆ ತೋರಿಸುತ್ತ, ಆ ಹದಿನಾಲ್ಕು ದಿನದ ಗುಳಿಗೆಯ ವಿಷಯಕ್ಕೆ ಬಂದಳು.

"ಈ ಗುಳಿಗಿ ನುಂಗಿದಾಗ ಅದರಾಗ ಔಷಧ ಇರಂಗಿಲ್ರಿ. ಹಸಿ ಹಿಟ್ಟ ಇದ್ದಂಗ ಅದು. ಲಿವರಿನ್ಯಾಗ ಬೆಂದ ಮ್ಯಾಲ ಔಷಧ ಆಗ್ತದ. ಬೇಯಿಸಾಕ ಲಿವರಿನ್ಯಾಗ ಒಂದು ಒಲಿ ಐತಿ ಅಂತ ತಿಳ್ಕೋರಿ. ಕೆಲವರಿಗೆ ಆ ಒಲಿ ಹುಟ್ಟಿನಿಂದನ ಹತ್ತಂಗಿಲ್ಲ. ಇನ್ನ ಕೆಲವರಿಗೆ ಭಾಳ ಸಣ್ಣಗ ಉರೀತದ. ಅಂಥವರು ಹದಿನಾಕಲ್ಲ, ಇಪ್ಪತ್ತೆಂಟು ದಿನಾ ತಪ್ಪಿಸದ ನುಂಗಿದ್ರೂ ಜ್ವರ ತಿರುಗಿ ಬರಬಹುದು."

ಚಹಾದ ಉದಾಹರಣೆಯನ್ನೂ ಅವಳೇ ಕೊಟ್ಟಳು. ಚಹಾ ಅರಗಿಸುವ ಒಲೆ ಬೇರೆಯದಂತೆ, ಆದರೆ ಅದೂ ಕೆಲವರಲ್ಲಿ ಜೋರು, ಕೆಲವರಲ್ಲಿ ನಿಧಾನವಂತೆ. ಎಲ್ಲರೂ ನಕ್ಕು ತಮ್ಮ ತಮ್ಮ ಮನೆಯವರ ಕಥೆ ಹೇಳತೊಡಗಿದರು. ನಾನು ಎದ್ದು ನಿಂತೆ.

"ಅಂಥವರಿಗೆ ಬ್ಯಾರೆ ಗುಳಿಗೀನೂ ಹಿಂಗ ಆಗ್ತದೇನ್ರಿ ಡಾಕ್ಟರ? ನೋವಿನ ಗುಳಿಗಿ?"

ಅವಳು ನನ್ನ ಕಡೆ ಕುತೂಹಲದಿಂದ ನೋಡಿದಳು. "ಹೌದ್ರಿ. ಕೆಲವು ನೋವಿನ ಗುಳಿಗಿ ಅದೇ ಒಲಿ ಮ್ಯಾಲ ಬೇಯಬೇಕು. ಅವೂ ಅಂಥವರ ಮೈಗೆ ಹತ್ತಂಗಿಲ್ಲ. ಯಾಕ್ರೀ ಮೇಡಂ, ಅಂಥ ಪೇಶಂಟ್ ನೋಡೀರೇನು?"

ಮೈಗೆ ಹತ್ತಂಗಿಲ್ಲ ಎಂದಳು. ಮುದುಕಿಯ ಮಾತು, ಅದೇ ಮಾತು, ಮೈಕಿನಲ್ಲಿ ಕೇಳಿಸಿತು. ಊಟದ ಹೊತ್ತಿನಲ್ಲಿ ಅವಳನ್ನು ಮೂಲೆಗೆ ಕರೆದು ಎಲ್ಲ ಹೇಳಿದೆ. ರಕ್ತದ ಬೇರೆ ಪರೀಕ್ಷೆ ಮಾಡದೆ ಖಾತ್ರಿ ಹೇಳಲಾಗುವುದಿಲ್ಲ ಎಂದಳು, ಆ ಪರೀಕ್ಷೆ ಇಲ್ಲೆಲ್ಲ ಆಗುವುದಿಲ್ಲವಂತೆ. "ಆದ್ರ ನೀವ ಕಣ್ಣಾರೆ ನುಂಗಿಸೀರಿ ಅಂತೀರಿ. ಮತ್ತ ಅಂವ ನುಂಗಿಲ್ಲ ಅಂತ ಬರದದ್ದನ್ನ ಆವಾಗ ಯಾಕ ತಿದ್ದಲಿಲ್ರಿ?" ಎಂದು ಕೇಳಿದಳು. ನನ್ನ ಮಗಳ ವಯಸ್ಸಿನವಳು.

ಮೊದಲು ಫಾರ್ಮು ತಿದ್ದಿಸಲು ಹೋದೆ. ಕಚೇರಿಯ ಗುಮಾಸ್ತ, "ನಾಕು ವರ್ಸದ್ದು ಕಂಪ್ಯೂಟರಿನ್ಯಾಗ ಮುಚ್ಚಿಹೋಗೇತ್ರಿ ಮೇಡಂ. ಇನ್ನ ಯಾರು ನೋಡ್ತಾರ ಅದನ್ನ" ಎಂದ. ಖರೆ, ಯಾರೂ ನೋಡುವುದಿಲ್ಲ. ನಾಲ್ಕು ವರ್ಷದ ಹಿಂದೆ ಬರೆಯುವಾಗ ಮಾತ್ರ ಜಗತ್ತೆಲ್ಲ ನೋಡುತ್ತದೆಂದು ಬರೆದಿದ್ದೆ.

ಮರುದಿನ ಆತನನ್ನು ಹುಡುಕಿಕೊಂಡು ಹೋದೆ. ಕುರಿ ಮೇಯಿಸುತ್ತ ಊರ ಹೊರಗಿನ ಕಲ್ಲುಹಾಸಿನ ಮೇಲೆ ಕುಳಿತಿದ್ದ. ನನ್ನ ನೋಡಿ ಎದ್ದು ನಿಂತ. "ಯಾಕ್ರೀ ಅಕ್ಕಾರ, ಮತ್ತ ರಕ್ತ ಬೇಕೇನ್ರಿ?" ಎಂದ. ಕುಳಿತುಕೊಂಡು ಒಲೆಯ ಕಥೆ ಹೇಳಿದೆ. ನನ್ನ ತಪ್ಪು ಎಂದೂ ಹೇಳಿದೆ. ಆ ಎರಡು ಶಬ್ದ ಹೇಳಲು ಬಹಳ ಹೊತ್ತು ಹಿಡಿಯಿತು. ಆತ ಕುರಿಗಳ ಕಡೆ ನೋಡುತ್ತಲೇ ಕೇಳಿದ.

"ಅವ್ವ ಹೇಳಿದ್ಲಲ್ರಿ" ಎಂದ.

"ಹೌದು. ಆಕಿ ಕಾಲಿಗೆ ಬೀಳಬೇಕು ನಾ. ಮನ್ಯಾಗದಾಳೇನು?"

"ಹೋದ ದೀಪಾವಳಿ ಮುಂದ ತೀರ್ಕೊಂಡ್ಲರಿ."

ನನಗೆ ಸುದ್ದಿಯಿರಲಿಲ್ಲ. ಆ ಹೊತ್ತಿಗೆ ನನ್ನನ್ನು ಬೇರೆ ಊರಿನ ಕೆಲಸಕ್ಕೂ ಹಾಕಿದ್ದರು, ಆ ಓಣಿಗೆ ಹೋಗುವುದನ್ನು ನಾನು ಬೇಕಂತಲೇ ಕಡಿಮೆ ಮಾಡಿದ್ದೆ. ಆತ ಕೈಯಲ್ಲಿದ್ದ ಕಡ್ಡಿಯನ್ನು ಚೂರು ಮಾಡುತ್ತಿದ್ದ.

"ಮಂದಿ ಅಂದದ್ದಕ್ಕ ನನಗೇನೂ ಅನಸ್ಲಿಲ್ರಿ. ಅವ್ವ ಒಬ್ಬಾಕಿ ಊರಿಗೆಲ್ಲ ಜಗಳಾಡ್ತಿದ್ಲು, ನನ್ನ ಮಗ ನುಂಗ್ಯಾನ ಅಂತ. ಕಡೀಕ ಹಾಸಗಿ ಹಿಡದ ಮ್ಯಾಲ ಒಂದಿನ ನನ್ನ ಕರದು ಕೇಳಿದ್ಲು, ಖರೇನ ನುಂಗಿದ್ದೇನೋ ತಮ್ಮಾ, ನನಗರ ಹೇಳು ಅಂತ." ಕಡ್ಡಿಯ ಚೂರು ಒಗೆದು ಅಂದ: "ನೀವು ಒಂದು ವರ್ಸ ಮೊದಲ ಬಂದಿದ್ರ ಚಲೋ ಇತ್ತು."

ಒಂದು ವರ್ಷವಲ್ಲ, ನಾಲ್ಕು ವರ್ಷದ ಹಿಂದೆಯೇ ಬರಬಹುದಿತ್ತು. ಒಲೆಯ ಕಥೆ ಗೊತ್ತಾಗಬೇಕಿರಲಿಲ್ಲ. ಹದಿನಾಲ್ಕು ಸರಿ ಗುರುತು ಹಾಕಿದ ರಿಜಿಸ್ಟರು ನನ್ನ ಮೇಜಿನಲ್ಲೇ ಇತ್ತು, ಮುದುಕಿಯ ಮನೆ ಅಲ್ಲಿಂದ ಮೂರು ಓಣಿ. ಅಲ್ಲಿ ಕುಳಿತು ಅತ್ತೆ. ಆತ ಸಮಾಧಾನ ಮಾಡಲಿಲ್ಲ. ಮಾಡಬೇಕಾಗಿಯೂ ಇರಲಿಲ್ಲ.

ಅಮಾವಾಸ್ಯೆಗೆ ಬಂದು ಗುಡಿಯ ಮುಂದೆ ಎಲ್ಲರಿಗೂ ಹೇಳುತ್ತೇನೆ, ನೀನೂ ಬರಬೇಕು ಎಂದೆ. "ಬ್ಯಾಡ ಬಿಡ್ರಿ" ಎಂದ. ಆದರೂ ಆ ದಿನ ಬಂದು ಕಟ್ಟೆಯ ತುದಿಗೆ ನಿಂತಿದ್ದ.

ಸಾಲಿನಲ್ಲಿ ಇಪ್ಪತ್ತು ಮಂದಿ ಇದ್ದರು. ನಾನು ಕಟ್ಟೆಯ ಮೇಲೆ ನಿಂತು ಹೇಳಿದೆ. ಬೆಂಕಿ, ಒಲೆ, ಹಸಿ ಹಿಟ್ಟು ಎಲ್ಲ ಹೇಳಿದೆ. ಹದಿನಾಲ್ಕು ದಿನ ನಾನೇ ಅವನ ಬಾಯಿ ನೋಡಿದ್ದೇನೆ, ಆಣೆ ಖರೆ, ನನ್ನ ಮಾತು ಸುಳ್ಳು ಎಂದೆ. ನನ್ನ ದನಿ ಊರಿನವರಿಗೆ ಪರಿಚಯದ್ದು, ಅವತ್ತು ಅದು ಹಿಂದಿನವರಿಗೆ ಕೇಳಿಸಲಿಲ್ಲ. "ಜೋರಾಗಿ ಹೇಳ್ರಿ ಅಕ್ಕಾರ" ಎಂದು ಯಾರೋ ಅಂದರು. ಮತ್ತೆ ಹೇಳಿದೆ. ಅಷ್ಟು ಹೊತ್ತು ಕೇಳಿದ ಒಬ್ಬ ಹಿರಿಯ, "ಅಂದ್ರ ಬೀರಪ್ಪಂದೂ ಏನೂ ತಪ್ಪಿಲ್ಲ ಅಂದಂಗಾತು" ಎಂದ. ಅವನಿಗೆ ಆ ಚಿಂತೆ ಇತ್ತು. ಇನ್ನೊಬ್ಬ, ಯಾವ ಜ್ವರ, ಯಾವಾಗಿಂದು ಎಂದು ಪಕ್ಕದವನನ್ನು ಕೇಳುತ್ತಿದ್ದ. ಕಟ್ಟೆಯ ತುದಿಗೆ ನಿಂತವನ ಕೈಯಿಂದ ಯಾಕೆ ಭಂಡಾರ ತೆಗೆದುಕೊಳ್ಳುವುದಿಲ್ಲ ಎಂಬುದನ್ನು ಕೆಲವರು ಮರೆತೇಬಿಟ್ಟಿದ್ದರು. ತೆಗೆದುಕೊಳ್ಳುವುದಿಲ್ಲ ಎಂಬುದು ಮಾತ್ರ ನೆನಪಿತ್ತು.

ನಾನು ಆತನ ಮುಂದೆ ಹೋಗಿ ನಿಂತೆ. "ನನಗ ನಿನ್ನ ಕೈಲೆ ಭಂಡಾರ ಬೇಕು" ಎಂದೆ.

ಆತ ಅಲ್ಲಾಡಲಿಲ್ಲ. ಕಾಕಾನ ಮಗ ತಾಟು ತಂದು ಅವನ ಮುಂದೆ ಹಿಡಿದ. ಆತ ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಬೆರಳು ಅದ್ದಿ ನನ್ನ ಹಣೆಗೆ ಒತ್ತಿದ. ಆಮೇಲೆ ಒಂದು ಚಿಟಿಕೆ ತೆಗೆದುಕೊಂಡ.

"ಬಾಯಿ ತಗೀರಿ" ಎಂದ.

ತೆರೆದೆ. ನಾಲಿಗೆಯ ಮೇಲೆ ಅರಿಶಿನದ ಕಹಿ ಹರಡಿತು. ನುಂಗಿದೆ. ನಾಲಿಗೆ ಎತ್ತು ಎನ್ನುತ್ತಾನೇನೋ ಎಂದು ಬಾಯಿ ತೆರೆದುಕೊಂಡೇ ನಿಂತಿದ್ದೆ. ಆತ ನನ್ನ ಬಾಯಿಯ ಕಡೆ ನೋಡಲೇ ಇಲ್ಲ, ನನ್ನ ಹಿಂದೆ ನಿಂತವರಿಗೆ "ಮುಂದ ಬಾ" ಎಂದ.